ಒಂದು ಬೆಳೆಯಿತು, ಇನ್ನೊಂದು ನಿಂತಿತು: ಸಿಕ್ಲಿಡ್ ಟ್ಯಾಂಕಿನ ದೋಷ ಹುಡುಕುವ ಬಗೆ

ಎರಡು ಆಸ್ಕರ್ ಮರಿ ತಂದಿದ್ದೀರಿ. ಒಂದೇ ಅಂಗಡಿ, ಒಂದೇ ದಿನ, ಒಂದೇ ಸೈಜು. ಆರು ತಿಂಗಳು ಕಳೆಯುವಷ್ಟರಲ್ಲಿ ಒಂದು ಅಂಗೈ ಮೀರಿ ಬೆಳೆದಿದೆ, ಇನ್ನೊಂದು ಬೆರಳುದ್ದಕ್ಕೇ ನಿಂತಿದೆ. ಜೊತೆಗೆ ಬಿಟ್ಟಿದ್ದ ಗ್ರೀನ್ ಟೆರರ್ ಮೀನು ಫಿಲ್ಟರ್ ಹಿಂದೆ ಸೇರಿಕೊಂಡು ಹೊರಗೇ ಬರುತ್ತಿಲ್ಲ. ಹೀಗಾದಾಗ ಬಹಳ ಜನ ಮೊದಲು ಫೀಡ್ ಬದಲಾಯಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ನೀಲಿ ಔಷಧಿ ಸುರಿಯುತ್ತಾರೆ. ದಯವಿಟ್ಟು ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಆ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗೂ ಏಟು ಕೊಡುತ್ತದೆ. ಕಾರಣ ಗೊತ್ತಾಗುವ ಮೊದಲೇ ಹೊಸ ತೊಂದರೆ ಶುರುವಾಗುತ್ತದೆ.

ಆಸ್ಕರ್, ಗ್ರೀನ್ ಟೆರರ್ ಎಲ್ಲ ಸಿಕ್ಲಿಡ್ ಎಂಬ ಕುಟುಂಬದ ಮೀನುಗಳು. ಸಿಕ್ಲಿಡ್ ಸಾಕುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಒಂದಿದೆ. ಈ ಮೀನುಗಳಲ್ಲಿ ಬೆಳವಣಿಗೆ ಮತ್ತು ಜಗಳ ಒಂದೇ ಸಮಸ್ಯೆ. ಸ್ವಲ್ಪ ಮುಂದೆ ಹೋದ ಮೀನು ಹಿಂದಿರುವುದನ್ನು ಓಡಿಸುತ್ತದೆ. ಓಡಿದ ಮೀನಿಗೆ ಊಟ ಸಿಗುವುದಿಲ್ಲ. ಊಟ ಸಿಗದೆ ಇನ್ನೂ ಹಿಂದೆ ಬೀಳುತ್ತದೆ. ಹಿಂದೆ ಬಿದ್ದಷ್ಟೂ ಜಾಸ್ತಿ ಏಟು ತಿನ್ನುತ್ತದೆ. ಹಾಗಾಗಿ ಜೊತೆಗಾರ ಮೀನನ್ನು ಆರಿಸುವಾಗ ಅದರ ಬಣ್ಣಕ್ಕಿಂತ ಅದು ಬೆಳೆಯುವ ವೇಗ ಮುಖ್ಯ. ಕೆಳಗೆ ಹೇಳಿರುವುದನ್ನು ಅದೇ ಕ್ರಮದಲ್ಲಿ ನೋಡುತ್ತಾ ಹೋಗಿ. ಹೆಚ್ಚಿನ ಟ್ಯಾಂಕುಗಳ ದೋಷ ಮೊದಲ ಮೂರರಲ್ಲೇ ಸಿಕ್ಕಿಬಿಡುತ್ತದೆ.

ಮೊದಲು ಅಳತೆ

"ಬೆಳೀತಿಲ್ಲ" ಅನ್ನುವುದು ಎಷ್ಟೋ ಸಲ ನಮ್ಮ ಕಣ್ಣಿನ ತಪ್ಪು. ದಿನಾ ನೋಡುವ ಮೀನು ಬೆಳೆದದ್ದು ಗೊತ್ತಾಗುವುದಿಲ್ಲ. ಪಕ್ಕದ ಮೀನು ಜೋರಾಗಿ ಬೆಳೆದರೆ ಇದು ಚಿಕ್ಕದಾದಂತೆಯೂ ಕಾಣುತ್ತದೆ. ಮುಂದಿನ ಗಾಜಿನ ಹೊರಗಡೆ, ಫೀಡ್ ಹಾಕುವ ಜಾಗದ ಕೆಳಗೆ, ಒಂದು ಪ್ಲಾಸ್ಟಿಕ್ ಸ್ಕೇಲನ್ನು ಟೇಪ್ ಹಾಕಿ ಅಂಟಿಸಿ. ಊಟಕ್ಕೆ ಬಂದ ಮೀನು ಗಾಜಿಗೆ ಹತ್ತಿರ, ಅಡ್ಡಲಾಗಿ ತಿರುಗಿದಾಗ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೀರು ಮತ್ತು ಗಾಜಿನ ಮೂಲಕ ಮೀನು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಪರವಾಗಿಲ್ಲ. ಪ್ರತಿ ಸಲವೂ ಅದೇ ಜಾಗ, ಅದೇ ದೂರ ಇದ್ದರೆ ಹೋಲಿಸುವುದಕ್ಕೆ ಸಾಕು. ಬಲೆ ಹಾಕಿ ಹಿಡಿದು ಅಳೆಯಬೇಡಿ. ಹೆದರಿದ ಸಿಕ್ಲಿಡ್ ಎರಡು ದಿನ ಊಟ ಬಿಡುತ್ತದೆ.

ಒಳ್ಳೆಯ ನೀರಿನಲ್ಲಿ ಆಸ್ಕರ್ ಮರಿ ಮೊದಲ ಕೆಲವು ತಿಂಗಳು ತಿಂಗಳಿಗೆ ಸುಮಾರು 2.5 ಸೆಂಟಿಮೀಟರ್ ಬೆಳೆಯುತ್ತದೆ. ಆಮೇಲೆ ನಿಧಾನವಾಗುತ್ತದೆ. ಒಂದರಿಂದ ಒಂದೂವರೆ ವರ್ಷದಲ್ಲಿ 25ರಿಂದ 30 ಸೆಂಟಿಮೀಟರ್ ಮುಟ್ಟುತ್ತದೆ. ಕನ್ವಿಕ್ಟ್ ಎಂಬ ಸಿಕ್ಲಿಡ್ ಹಾಗಲ್ಲ. ಗಂಡು 12 ಸೆಂಟಿಮೀಟರ್ ಆಸುಪಾಸಿಗೆ ಬಂದರೆ ಅದರ ಬೆಳವಣಿಗೆ ಬಹುತೇಕ ಮುಗಿಯಿತು, ಹೆಣ್ಣು ಅದಕ್ಕಿಂತಲೂ ಚಿಕ್ಕದು. ಗ್ರೀನ್ ಟೆರರ್, ಜಾಕ್ ಡೆಂಪ್ಸಿ ಎರಡೂ 20 ಸೆಂಟಿಮೀಟರ್ ದಾಟಬಲ್ಲವು, ಆದರೆ ಆಸ್ಕರ್ ಓಡುವ ವೇಗದಲ್ಲಿ ಅಲ್ಲ. ನಿಮ್ಮ ಮೀನು ಯಾವ ಜಾತಿ, ಗಂಡೋ ಹೆಣ್ಣೋ, ಎಷ್ಟು ತಿಂಗಳದ್ದು ಅನ್ನುವುದನ್ನು ಫೋಟೋ ಜೊತೆ ಬರೆದಿಡಿ. ನಿಧಾನ ಬೆಳೆಯುವ ಜಾತಿಯ ಮೀನನ್ನು ವೇಗದ ಮೀನಿನ ಪಕ್ಕ ಇಟ್ಟು "ಇದಕ್ಕೇನೋ ಆಗಿದೆ" ಅಂದುಕೊಳ್ಳುವುದು ಬೇಡ.

ಅಳತೆಯಲ್ಲಿ ಎರಡು ತರಹದ ಚಿತ್ರ ಸಿಗಬಹುದು. ಟ್ಯಾಂಕಿನಲ್ಲಿರುವ ಎಲ್ಲ ಮೀನೂ ಹಿಂದುಳಿದಿದ್ದರೆ ನೀರು, ಚಳಿ ಅಥವಾ ಫೀಡ್ ಕಡೆ ನೋಡಿ. ಒಂದು ಸರಿಯಾಗಿ ಬೆಳೆದು ಉಳಿದವು ನಿಂತಿದ್ದರೆ ಆ ಬೆಳೆದ ಮೀನಿನ ಮೇಲೆ ಕಣ್ಣಿಡಿ. ಆದರೂ ನೀರನ್ನು ಪರೀಕ್ಷಿಸುವುದು ಎರಡರಲ್ಲೂ ತಪ್ಪುವುದಿಲ್ಲ.

ನೀರು

"ಮೀನು ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತೆ" ಅಂತ ಅಂಗಡಿಗಳಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಅದನ್ನು ನಂಬಿ ಎಷ್ಟೋ ಆಸ್ಕರ್‌ಗಳು ಎರಡು ಅಡಿ ಟ್ಯಾಂಕಿನಲ್ಲಿ ನರಳುತ್ತಿವೆ. ಗಾಜು ನೋಡಿ ಮೀನು ಬೆಳವಣಿಗೆ ನಿಲ್ಲಿಸುವುದಿಲ್ಲ. ಚಿಕ್ಕ ಟ್ಯಾಂಕಿನಲ್ಲಿ ಕೊಳೆ ಬೇಗ ಸೇರುತ್ತದೆ, ಆ ಕೊಳೆ ಮೀನನ್ನು ಕುಗ್ಗಿಸುತ್ತದೆ. ಹೀಗೆ ಕುಗ್ಗಿದ ಮೀನಿನ ಗುರುತು ಕಣ್ಣು. ಮೈ ಚಿಕ್ಕದು, ಕಣ್ಣು ಮಾತ್ರ ದೊಡ್ಡದು, ತಲೆ ಭಾರ. ಅಂಥ ಮೀನು ಕಂಡರೆ ಮೊದಲು ನೀರನ್ನೇ ಅನುಮಾನಿಸಿ.

ಲೆಕ್ಕ ಹೀಗಿದೆ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. 5 ಸೆಂಟಿಮೀಟರ್ ಇದ್ದಾಗ ಸರಿಹೋಗುತ್ತಿದ್ದ ಫಿಲ್ಟರ್, ವಾರಕ್ಕೊಮ್ಮೆ ಬದಲಿಸುತ್ತಿದ್ದ ಎರಡು ಬಕೆಟ್ ನೀರು, ಅದು 10 ಸೆಂಟಿಮೀಟರ್ ಆದಾಗ ಯಾವ ಮೂಲೆಗೂ ಸಾಲುವುದಿಲ್ಲ. ನಾವು ಮಾತ್ರ ಅದೇ ಎರಡು ಬಕೆಟ್ ಬದಲಿಸುತ್ತಿರುತ್ತೇವೆ. "ಮೊದಲು ಚೆನ್ನಾಗಿ ಬೆಳೀತಿತ್ತು, ಈಗ ನಿಂತಿದೆ" ಅನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಲಿಕ್ವಿಡ್ ಟೆಸ್ಟ್ ಕಿಟ್ ತಂದು ನಾಲ್ಕನ್ನು ನೋಡಿ: ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ). ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ಸೊನ್ನೆ ಇರಬೇಕು. ಸ್ವಲ್ಪ ಬಣ್ಣ ಬಂದರೂ ಫಿಲ್ಟರ್ ಸೋತಿದೆ ಎಂದರ್ಥ. ನಲ್ಲಿ ಕೆಳಗೆ ಹಿಡಿದು ಸ್ಪಾಂಜ್ ತೊಳೆದಿರಾ? ಕ್ಲೋರಿನ್ ನೀರಿನಿಂದ ಬ್ಯಾಕ್ಟೀರಿಯಾ ಸತ್ತಿರುತ್ತದೆ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಕರೆಂಟು ಹೋಗಿ ಕೆಲವು ಗಂಟೆ ಫಿಲ್ಟರ್ ನಿಂತಿತ್ತಾ? ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನೊಳಗೆ ಆಕ್ಸಿಜನ್ ಮುಗಿದು ಎಲ್ಲ ಕೊಳೆಯಲು ಶುರುವಾಗುತ್ತದೆ. ಕರೆಂಟು ಬಂದ ಕೂಡಲೇ ಆ ನೀರನ್ನು ಟ್ಯಾಂಕಿಗೆ ಬಿಡಬೇಡಿ, ಚೆಲ್ಲಿ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಬ್ಯಾಟರಿ ಏರ್ ಪಂಪಿಗೆ ಸೇರಿಸಿದ ಒಂದು ಸ್ಪಾಂಜ್ ಫಿಲ್ಟರ್ ಜೊತೆಗಿದ್ದರೆ ತುಂಬ ಧೈರ್ಯ.

ಬೋರ್ ನೀರು ಬಳಸುವವರು ಇನ್ನೊಂದು ವಿಷಯ ಗಮನಿಸಿ. ಪಿಎಚ್ 7 ಇರುವಾಗ ಒಟ್ಟು ಅಮೋನಿಯಾದಲ್ಲಿ ವಿಷವಾಗುವ ಭಾಗ ಶೇಕಡಾ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಸುಮಾರು ಶೇಕಡಾ 5. ಅಂದರೆ ಕಿಟ್ ತೋರಿಸುವ ಅದೇ ಸಂಖ್ಯೆ ಗಡಸು ಬೋರ್ ನೀರಿನಲ್ಲಿ ಹತ್ತು ಪಟ್ಟು ಕೆಟ್ಟದು. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ ಕೆಳಗೆ ಇಳಿದಿರುತ್ತದೆ, ಅಮೋನಿಯಾ ಇದ್ದರೂ ಮೀನು ಹೇಗೋ ತಡೆದುಕೊಂಡಿರುತ್ತದೆ. ಒಂದು ಭಾನುವಾರ ಉತ್ಸಾಹ ಬಂದು ಮುಕ್ಕಾಲು ನೀರು ತೆಗೆದು ಬೋರ್ ನೀರು ತುಂಬಿದರೆ ಪಿಎಚ್ ಜಿಗಿದು ಸಂಜೆಯೊಳಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಹಳೆಯ ಕೊಳೆ ಟ್ಯಾಂಕನ್ನು ದಿನಕ್ಕೆ ಕಾಲು ಭಾಗದಂತೆ, ನಿಧಾನವಾಗಿ ಸರಿಮಾಡಿ.

ನೈಟ್ರೇಟ್ 20 ಪಿಪಿಎಂ (ಅಂದರೆ ಲೀಟರಿಗೆ 20 ಮಿಲಿಗ್ರಾಂ) ಒಳಗಿದ್ದರೆ ಚೆನ್ನ, 40 ದಾಟಲು ಬಿಡಬೇಡಿ. ಎಷ್ಟು ನೀರು ಬದಲಿಸಿದರೂ ಇಳಿಯುತ್ತಿಲ್ಲವಾ? ಹಾಗಾದರೆ ನಲ್ಲಿಯ ನೀರನ್ನೇ ಟೆಸ್ಟ್ ಮಾಡಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ದೇಶದ ಮಾನದಂಡ ಇದೆ. ಗೊಬ್ಬರ ಜಾಸ್ತಿ ಬೀಳುವ ಹೊಲಗಳ ನಡುವಿನ, ಇಲ್ಲವೇ ಮೋರಿ ಪಕ್ಕದ ಬೋರ್‌ವೆಲ್‌ಗಳಲ್ಲಿ ಅದು ಮೀರುವುದುಂಟು. ಅಂಥ ನೀರು ಬಂದರೆ ಟ್ಯಾಂಕಿನದೇನೂ ತಪ್ಪಿಲ್ಲ. ಮಳೆ ನೀರನ್ನೋ ಆರ್‌ಓ ನೀರನ್ನೋ ಬೆರೆಸಬೇಕು. ಮನಿ ಪ್ಲಾಂಟ್ ಬೇರುಗಳನ್ನು ಟ್ಯಾಂಕಿನ ನೀರಿಗೆ ಇಳಿಬಿಟ್ಟರೆ ಅದೂ ಸ್ವಲ್ಪ ಹೀರಿಕೊಳ್ಳುತ್ತದೆ. ಆಸ್ಕರ್ ಬೇರನ್ನು ಕಿತ್ತು ಎಸೆಯದಂತೆ ಜಾಲರಿ ಕಟ್ಟಿ, ಅಷ್ಟೇ.

ಬೆಳೆಯುವ ಮರಿಗಳಿರುವ ಟ್ಯಾಂಕಿಗೆ ವಾರಕ್ಕೆ ಎರಡು ಸಲ, ಪ್ರತಿ ಸಲ ಮೂರನೇ ಒಂದು ಭಾಗ ನೀರು ಬದಲಿಸುವುದು ಒಳ್ಳೆಯ ರೂಢಿ. ಕಾರ್ಪೊರೇಷನ್ ನೀರಾದರೆ ಕ್ಲೋರಿನ್ ಹೋಗಿಸಿಯೇ ಹಾಕಿ. ನನ್ನನ್ನು ಕೇಳಿದರೆ, ದುಬಾರಿ ಪೆಲೆಟ್‌ಗೆ ಕೊಡುವ ದುಡ್ಡಿಗಿಂತ ಈ ಎರಡನೇ ಬದಲಾವಣೆಯಿಂದ ಮೀನು ಜಾಸ್ತಿ ಬೆಳೆಯುತ್ತದೆ.

ಊಟದ ಹೊತ್ತಿಗೆ ಕೂತು ನೋಡಿ

ನೀರು ಸರಿಯಿದೆ, ಆದರೂ ಒಂದು ಮೀನು ಮಾತ್ರ ನಿಂತಿದೆ. ಈಗ ಒಂದು ಸ್ಟೂಲ್ ಹಾಕಿಕೊಂಡು ಟ್ಯಾಂಕಿನಿಂದ ಸ್ವಲ್ಪ ದೂರ ಕೂರಿ. ಮೀನುಗಳು ನಿಮ್ಮನ್ನು ಮರೆಯುವವರೆಗೆ ಸುಮ್ನೆ ಇರಿ. ಆಮೇಲೆ ಮನೆಯವರ ಕೈಲಿ ಫೀಡ್ ಹಾಕಿಸಿ.

ಮೈಸೂರಿನಲ್ಲಿ ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ಇದೇ ಸಮಸ್ಯೆ ಹೇಳಿಕೊಂಡು ಬಂದಿದ್ದ. "ಅಣ್ಣಾ, ಎರಡಕ್ಕೂ ಒಂದೇ ಫೀಡ್ ಹಾಕ್ತೀನಿ. ಚಿಕ್ಕದೂ ತಿನ್ನುತ್ತೆ, ನಾನೇ ನೋಡಿದ್ದೀನಿ. ಮತ್ಯಾಕೆ ಬೆಳೀತಿಲ್ಲ?" ಮೂರು ಅಡಿಯ ಟ್ಯಾಂಕು, ಎರಡು ಟೈಗರ್ ಆಸ್ಕರ್. ಅವನು ಪೆಲೆಟ್ ಹಾಕಿದ. ದೊಡ್ಡದು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದೇ ಇಟ್ಟಿತು. ಚಿಕ್ಕದು ಏರ್ ಪೈಪಿನ ಹಿಂದೆ, ತಲೆ ಸ್ವಲ್ಪ ಕೆಳಗೆ ಮಾಡಿಕೊಂಡು ನಿಂತಿತ್ತು. ಮೈ ಪೂರಾ ಕಪ್ಪಾಗಿತ್ತು. ಕಿತ್ತಳೆ ಗೆರೆಗಳು ಕಾಣುತ್ತಲೇ ಇರಲಿಲ್ಲ. ಬಾಲದ ತುದಿ ಹರಿದಿತ್ತು. ದೊಡ್ಡದು ಆ ಕಡೆ ತಿರುಗಿದಾಗ ಇದು ಮುಂದೆ ಬಂದು ಒಂದು ಪೆಲೆಟ್ ಕಚ್ಚಿತು. ದೊಡ್ಡದು ಏನೂ ಮಾಡಲಿಲ್ಲ, ಬರೀ ಕಿವಿರಿನ ಮುಚ್ಚಳ ಅಗಲಿಸಿ ಇತ್ತ ತಿರುಗಿತು. ಚಿಕ್ಕದು ಬಾಯಲ್ಲಿದ್ದುದನ್ನು ಉಗುಳಿ ಪೈಪಿನ ಹಿಂದೆ ಓಡಿತು. ಉಗುಳಿದ್ದನ್ನೂ ದೊಡ್ಡದೇ ತಿಂದಿತು. "ತಿನ್ನುತ್ತೆ" ಅಂತ ಅವನು ನೋಡಿದ್ದು ಆ ಕಚ್ಚಿದ ಕ್ಷಣವನ್ನು ಮಾತ್ರ.

ಹೀಗೆ ಕೂತು ನೋಡುವಾಗ ಮೀನಿನ ಬಣ್ಣ, ಅದು ನಿಲ್ಲುವ ಜಾಗ, ಬಾಯಿಗೆ ಹೋದದ್ದು ಹೊಟ್ಟೆಗೆ ಹೋಯಿತಾ ಅನ್ನುವುದು, ಇಷ್ಟನ್ನು ಗಮನಿಸಿ. ಹೆದರಿದ ಸಿಕ್ಲಿಡ್ ಮೈ ಕಪ್ಪು ಮಾಡಿಕೊಳ್ಳುತ್ತದೆ, ರೆಕ್ಕೆ ಮಡಚುತ್ತದೆ, ಮೇಲಿನ ಮೂಲೆಯಲ್ಲೋ ಹೀಟರ್ ಹಿಂದೆಯೋ ನಿಲ್ಲುತ್ತದೆ. ಏಟು ಬೀಳದಿದ್ದರೂ ಹೆದರಿಕೆಯೇ ಸಾಕು. ಸದಾ ಗಾಬರಿಯಲ್ಲಿರುವ ಮೀನಿನ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಹಸಿವು ಕಡಿಮೆಯಾಗುತ್ತದೆ, ತಿಂದದ್ದೂ ಮೈಗೆ ಹತ್ತುವುದಿಲ್ಲ. ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ ಗುಂಪಾಗಿ ಬದುಕುವ ನಿಯೋಲ್ಯಾಂಪ್ರೊಲೋಗಸ್ ಪಲ್ಚರ್ ಎಂಬ ಪುಟ್ಟ ಸಿಕ್ಲಿಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಗುಂಪಿನ ಕೆಳಗಿನ ಮೀನುಗಳು ಯಜಮಾನನ ಅಳತೆಗೆ ಹತ್ತಿರ ಬಂದಾಗ ತಮ್ಮ ಬೆಳವಣಿಗೆಯನ್ನೇ ತಡೆಹಿಡಿಯುತ್ತವೆ. ಸರಿಸಮ ಬೆಳೆದರೆ ಗುಂಪಿನಿಂದ ಹೊರಗೆ ಬೀಳುವ ಅಪಾಯ ಇರುತ್ತದೆ. ಇಂಥ ಕುಲದ ಮೀನಿಗೆ ಫೀಡ್ ಮಾತ್ರ ಜಾಸ್ತಿ ಹಾಕಿದರೆ ಏನು ಪ್ರಯೋಜನ?

ಹುಡುಗನ ಟ್ಯಾಂಕಿನ ನಡುವೆ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿದೆವು. ಕೆಲವೇ ದಿನಗಳಲ್ಲಿ ಚಿಕ್ಕದರ ಕಿತ್ತಳೆ ಗೆರೆ ಮತ್ತೆ ಕಾಣಿಸಿತು, ಕೈಗೆ ಬಂದು ತಿನ್ನತೊಡಗಿತು. ಅದಕ್ಕೆ ಯಾವ ರೋಗವೂ ಇರಲಿಲ್ಲ. ದೋಷ ಏನೆಂದು ತಿಳಿಯುವುದಕ್ಕೆ ಈ ಜಾಲರಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೇರ್ಪಡಿಸಿದ ಮೇಲೆ ಮೀನು ಚೇತರಿಸಿಕೊಂಡರೆ ತೊಂದರೆ ಜೊತೆಗಾರನದು. ಎರಡು ವಾರ ಕಳೆದರೂ ತಿನ್ನದಿದ್ದರೆ, ಅಥವಾ ತಿಂದೂ ಸೊರಗಿದರೆ, ತೊಂದರೆ ಮೀನಿನ ಒಳಗಿದೆ.

ಬೇರ್ಪಡಿಸಲು ಸಾಧ್ಯವೇ ಇಲ್ಲದಿದ್ದರೆ ಒಂದು ಅರೆ ಉಪಾಯ ಇದೆ. ಟ್ಯಾಂಕಿನ ಎರಡು ತುದಿಯಲ್ಲೂ ಒಟ್ಟಿಗೇ ಫೀಡ್ ಹಾಕಿ. ಒಂದು ಕಡೆ ತೇಲುವ ಪೆಲೆಟ್, ಇನ್ನೊಂದು ಕಡೆ ಮುಳುಗುವುದು. ಯಜಮಾನ ಎರಡು ಕಡೆ ಕಾಯಲಾರದು.

ಚಳಿ

ಬೆಂಗಳೂರು, ಮೈಸೂರು, ಮಲೆನಾಡಿನ ಕಡೆ ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕಿನ ನೀರು ರಾತ್ರಿ 20 ಡಿಗ್ರಿ ಹತ್ತಿರ ಇಳಿಯಬಹುದು. ಆಸ್ಕರ್‌ಗೆ ಬೇಕಾದ್ದು 25ರಿಂದ 28. ತಣ್ಣಗಾದರೆ ಜೀರ್ಣ ನಿಧಾನ, ಹಸಿವಿಲ್ಲ, ಬೆಳವಣಿಗೆ ನಿಲ್ಲುತ್ತದೆ. ಎಲ್ಲ ಮೀನೂ ಒಟ್ಟಿಗೇ ನಿಂತಿದ್ದು, ಅದು ಚಳಿಗಾಲವಾಗಿದ್ದರೆ ಇನ್ನೇನೂ ಹುಡುಕಬೇಡಿ. ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಹಾಕಿ. ದೊಡ್ಡ ಆಸ್ಕರ್ ಗಾಜಿನ ಹೀಟರನ್ನು ಒಡೆಯುತ್ತದೆ, ಹಾಗಾಗಿ ಕವಚ ಇರುವುದನ್ನೇ ಕೊಳ್ಳಿ. ಕರಾವಳಿಯವರಿಗೆ ಇದರ ಗೋಜು ಕಡಿಮೆ.

ತಿನ್ನುತ್ತದೆ, ಆದರೆ ಬೆಳೆಯುವುದಿಲ್ಲ

ಮಲವನ್ನು ನೋಡಿ. ಬಿಳಿ, ಲೋಳೆಯಂಥ ಉದ್ದ ದಾರ ನೇತಾಡುತ್ತಿದ್ದರೆ ಎರಡು ಅರ್ಥ. ಹೊಟ್ಟೆ ಖಾಲಿ ಇದ್ದಾಗಲೂ ಹಾಗಾಗುತ್ತದೆ. ಚೆನ್ನಾಗಿ ತಿನ್ನುವ ಮೀನಿನಲ್ಲಿ ಹಾಗಿದ್ದು, ಹೊಟ್ಟೆ ಒಳಗೆ ಸೇದಿ, ಬೆನ್ನು ಕತ್ತಿಯಂತೆ ಚೂಪಾಗಿದ್ದರೆ ಕರುಳಿನ ಪರಾವಲಂಬಿ ಇರಬಹುದು. ಸ್ಪೈರೊನ್ಯೂಕ್ಲಿಯಸ್ ಜಾತಿಯ ಸೂಕ್ಷ್ಮಜೀವಿಗೆ ಮೆಟ್ರೊನಿಡಜೋಲ್ ಕೆಲಸ ಮಾಡುತ್ತದೆ. ನೀರಿಗೆ ಹಾಕುವುದಕ್ಕಿಂತ ಫೀಡಿಗೆ ಸೇರಿಸಿದರೆ ಒಳ್ಳೆಯದು: ಒಂದು ಗ್ರಾಂ ಫೀಡಿಗೆ 10 ಮಿಲಿಗ್ರಾಂ, ಐದು ದಿನ. ಆಸ್ಕರ್ ತಲೆಯಲ್ಲಿ ಗುಂಡಿ ಬೀಳುವ ಕಾಯಿಲೆಗೂ ಇದೇ ಜೀವಿಯ ನಂಟು ಹೇಳುತ್ತಾರೆ. ಆದರೆ ಕೊಳೆ ನೀರು, ಪೌಷ್ಟಿಕವಲ್ಲದ ಫೀಡ್ ಇದ್ದಾಗಲೇ ಅದು ಜಾಸ್ತಿ, ಆದ್ದರಿಂದ ಔಷಧಿ ಒಂದನ್ನೇ ನೆಚ್ಚಬೇಡಿ. ಮಲದ್ವಾರದಿಂದ ಕೆಂಪು ಎಳೆಗಳು ಹೊರಬಂದಿದ್ದರೆ ಅದು ಕ್ಯಾಮಲ್ಲಾನಸ್ ಹುಳು. ಅದಕ್ಕೆ ಲೆವಮಿಸೋಲ್ ಬೇಕು. ಪ್ರಮಾಣಕ್ಕೆ ಪಶುವೈದ್ಯರನ್ನು ಕೇಳಿ.

ಫೀಡಿನ ವಿಷಯದಲ್ಲಿ ಎರಡು ತಪ್ಪು ಎಲ್ಲ ಕಡೆ ನಡೆಯುತ್ತವೆ. ಒಂದು, ದೊಡ್ಡ ಡಬ್ಬದಿಂದ ಅಳೆದು ಕವರಿನಲ್ಲಿ ಕಟ್ಟಿಕೊಡುವ ಲೂಸ್ ಪೆಲೆಟ್. ಗಾಳಿ ಬೆಳಕಿಗೆ ತೆರೆದಿಟ್ಟರೆ ವಿಟಮಿನ್ ಸಿ ಮೊದಲು ಹಾಳಾಗುತ್ತದೆ. ಅದು ಸಿಗದ ಮರಿಗಳ ಬೆನ್ನು ಡೊಂಕಾಗಬಹುದು, ಕಿವಿರಿನ ಮುಚ್ಚಳ ಮಡಚಿಕೊಳ್ಳಬಹುದು. ಚಿಕ್ಕ ಪ್ಯಾಕೆಟ್ ಕೊಂಡು ಎರಡು ಮೂರು ತಿಂಗಳಲ್ಲಿ ಮುಗಿಸಿ. ಇನ್ನೊಂದು, ಬೇಗ ಬೆಳೆಯಲಿ ಅಂತ ದನದ ಇಲ್ಲವೇ ಕೋಳಿಯ ಹೃದಯ, ಜೀವಂತ ಗೋಲ್ಡ್‌ಫಿಶ್ ಹಾಕುವುದು. ಪ್ರಾಣಿಯ ಕೊಬ್ಬು ಮೀನಿನ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ. ಗೋಲ್ಡ್‌ಫಿಶ್‌ನಲ್ಲಿ ಬಿ1 ವಿಟಮಿನ್ ಕೆಡಿಸುವ ಥಯಾಮಿನೇಸ್ ಇದೆ, ಜೊತೆಗೆ ಅಂಗಡಿ ಟ್ಯಾಂಕಿನ ಹುಳುಗಳೂ ಉಚಿತ. ಹೊಟ್ಟೆ ದಪ್ಪವಾಗಿ ಉದ್ದ ಮಾತ್ರ ಹಾಗೇ ಇದ್ದರೆ ಇದನ್ನೇ ಅನುಮಾನಿಸಿ. ಪ್ರೋಟೀನ್ ಶೇಕಡಾ 40 ಆಸುಪಾಸಿನ ಪೆಲೆಟ್, ವಾರಕ್ಕೊಂದೆರಡು ಸಲ ಸೀಗಡಿ ಅಥವಾ ಎರೆಹುಳು, ಆಗಾಗ ಸಿಪ್ಪೆ ಸುಲಿದ ಬೇಯಿಸಿದ ಬಟಾಣಿ. ಮರಿಗಳಿಗೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ, ದೊಡ್ಡವಕ್ಕೆ ಒಂದೇ ಸಲ, ವಾರಕ್ಕೊಂದು ದಿನ ಉಪವಾಸ.

ಮೊಟ್ಟೆ ಇಡುವುದೂ ಬೆಳವಣಿಗೆಯನ್ನು ತಿನ್ನುತ್ತದೆ. ನಮ್ಮ ಕೆರೆಗಳ ಜಿಲೇಬಿ ಮೀನನ್ನು ನೋಡಿರುತ್ತೀರಲ್ವಾ? ಅದೂ ಸಿಕ್ಲಿಡ್, ಆಫ್ರಿಕಾದ ತಿಲಾಪಿಯಾ. ಭಾರತಕ್ಕೆ ಬಂದದ್ದು 1952ರಲ್ಲಿ. ಚಿಕ್ಕ ಕೊಳದಲ್ಲಿ ಜಾಸ್ತಿಯಾದರೆ ಅದು ಅಂಗೈಯಷ್ಟೂ ಆಗದೆ ಮೊಟ್ಟೆ ಇಡಲು ಶುರುಮಾಡುತ್ತದೆ, ಅಲ್ಲಿಗೇ ನಿಲ್ಲುತ್ತದೆ. ತಿಲಾಪಿಯಾ ಸಾಕಣೆಯವರು ಬರೀ ಗಂಡು ಮರಿಗಳನ್ನೇ ಬಿಡುವುದು ಈ ಕಾರಣಕ್ಕೆ. ನಿಮ್ಮ ಕನ್ವಿಕ್ಟ್ ಹೆಣ್ಣು ತಿಂಗಳಿಗೊಮ್ಮೆ ಮರಿ ಮಾಡುತ್ತಿದ್ದರೆ ಅದು ಬೆಳೆಯದಿರುವುದು ಸಹಜ. ಗಂಡನ್ನು ಬೇರೆ ಮಾಡಿ.

ಜೊತೆಗಾರರು

ಈ ಭಾಗವನ್ನು ಮೀನು ಕೊಳ್ಳುವ ಮೊದಲೇ ಓದಿದರೆ ಮೇಲಿನ ಅರ್ಧ ಓದಬೇಕಾಗಿಯೇ ಇಲ್ಲ.

ಅಂಗಡಿಯ ಟ್ಯಾಂಕಿನಲ್ಲಿ ಎಲ್ಲವೂ ಬೆರಳುದ್ದ ಇರುತ್ತವೆ, ಎಲ್ಲವೂ ಸ್ನೇಹಿತರಂತೆ ಕಾಣುತ್ತವೆ. ನೀವು ಕೇಳಬೇಕಾದ ಪ್ರಶ್ನೆ: ಒಂದು ವರ್ಷ ಬಿಟ್ಟು ಇವೆರಡೂ ಪಕ್ಕಪಕ್ಕ ಹೇಗಿರುತ್ತವೆ? ಆಸ್ಕರ್ ಬಾಯಿಗೆ ಹಿಡಿಸುವುದೆಲ್ಲ ಆಸ್ಕರ್‌ಗೆ ಊಟ. ನಿಯಾನ್ ಟೆಟ್ರಾ, ಗಪ್ಪಿ, ಮಾಲಿ ಯಾವುದೂ ಉಳಿಯುವುದಿಲ್ಲ. ಏಂಜೆಲ್ ಫಿಶ್ ಕೂಡ ಸಿಕ್ಲಿಡ್ಡೇ. ಅದು ಬೆಳೆದ ಮೇಲೆ ರಾತ್ರಿಯಲ್ಲಿ ನಿಯಾನ್‌ಗಳು ಒಂದೊಂದೇ ಮಾಯವಾಗುತ್ತವೆ, ನಾವು ಫಿಲ್ಟರನ್ನು ಬೈಯುತ್ತೇವೆ.

ಇದರ ಉಲ್ಟಾ ತಪ್ಪೂ ಇದೆ. ಐರಿಡಿಸೆಂಟ್ ಶಾರ್ಕ್ ಹೆಸರಲ್ಲಿ ಮಾರುವ ಮರಿ ಶಾರ್ಕ್ ಅಲ್ಲ, ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ನದಿಯಲ್ಲಿ ಅದು ಒಂದು ಮೀಟರ್ ಮೀರುತ್ತದೆ. ಬೆದರಿದರೆ ಗಾಜಿಗೆ ಹೊಡೆದುಕೊಂಡು ಟ್ಯಾಂಕಿನ ಎಲ್ಲ ಮೀನುಗಳನ್ನೂ ಗಾಬರಿ ಮಾಡುತ್ತದೆ. ರೆಡ್‌ಟೇಲ್ ಕ್ಯಾಟ್‌ಫಿಶ್ ಮುದ್ದಾದ ಮರಿಯಾಗಿ ಬಂದು, ಆಸ್ಕರ್‌ಗಿಂತ ವೇಗವಾಗಿ ಬೆಳೆದು, ಕೊನೆಗೆ ಆಸ್ಕರನ್ನೇ ನುಂಗುತ್ತದೆ. ಪಾಚಿ ತಿನ್ನಲಿ ಅಂತ ಬಿಡುವ ಸಾಮಾನ್ಯ ಸಕ್ಕರ್ 40 ಸೆಂಟಿಮೀಟರ್ ತನಕ ಬೆಳೆಯುತ್ತದೆ, ತುಂಬ ಕೊಳೆ ಮಾಡುತ್ತದೆ, ಕೆಲವು ಸಲ ರಾತ್ರಿ ಆಸ್ಕರ್ ಮೈಯ ಲೋಳೆಯನ್ನೂ ಹೀರುತ್ತದೆ. ಬೆಳಗ್ಗೆ ಆಸ್ಕರ್ ಪಕ್ಕೆಯಲ್ಲಿ ಉಜ್ಜಿದಂಥ ಗುರುತು ಇದ್ದರೆ ಇದರ ಕೆಲಸ ಇರಬಹುದು.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಹಿಡಿಯುವುದು ಸುಮಾರು 250 ಲೀಟರ್. ಒಂದೇ ಒಂದು ದೊಡ್ಡ ಆಸ್ಕರ್ ನೆಮ್ಮದಿಯಾಗಿರಲು ನಾನು ಹೇಳುವ ಕನಿಷ್ಠ ಅಳತೆ ಇದು. ಜೊತೆ ಬೇಕೇ ಬೇಕೆಂದರೆ ಆರು ಅಡಿಯ ಟ್ಯಾಂಕಿಗೆ ಹೋಗಿ. ಅಲ್ಲಿಗೆ ಸಿಲ್ವರ್ ಡಾಲರ್ ಗುಂಪು ತುಂಬ ಚೆನ್ನಾಗಿ ಹೊಂದುತ್ತದೆ. ಐದಕ್ಕಿಂತ ಕಡಿಮೆ ಬಿಡಬೇಡಿ. 13ರಿಂದ 15 ಸೆಂಟಿಮೀಟರ್ ಉದ್ದದ, ಅಗಲ ಮೈಯ ಮೀನು, ಬಾಯಿಗೆ ಹಿಡಿಸುವುದಿಲ್ಲ. ಮೇಲ್ಭಾಗದಲ್ಲಿ ಓಡಾಡುತ್ತದೆ, ಜಾಗಕ್ಕೆ ಜಗಳ ಇಲ್ಲ. ಸಿಕ್ಲಿಡ್ಡೇ ಬೇಕೆನ್ನುವವರಿಗೆ ಸೆವೆರಮ್ ಒಳ್ಳೆಯದು, 20 ಸೆಂಟಿಮೀಟರ್ ಮುಟ್ಟುತ್ತದೆ, ಸ್ವಭಾವ ಮೃದು. ಅದು ನಿಧಾನ ಬೆಳೆಯುವುದರಿಂದ ಆಸ್ಕರ್‌ಗಿಂತ ದೊಡ್ಡ ಸೈಜಿನದ್ದನ್ನು ತನ್ನಿ, ಅದನ್ನೇ ಮೊದಲು ಬಿಡಿ. ವೇಗದ ಮೀನಿಗೆ ತಡವಾಗಿ, ಚಿಕ್ಕದಾಗಿ ಪ್ರವೇಶ. ನಿಧಾನದ ಮೀನಿಗೆ ಮೊದಲು, ದೊಡ್ಡದಾಗಿ. ಈ ಒಂದು ಕ್ರಮ ಪಾಲಿಸಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಎರಡು ಆಸ್ಕರ್ ಒಟ್ಟಿಗೆ ಇಡುವುದು ಅದೃಷ್ಟದ ಮಾತು. ಜೋಡಿಯಾದರೆ ಉಳಿದವರಿಗೆ ಕಷ್ಟ, ಜೋಡಿಯಾಗದಿದ್ದರೆ ಒಂದಕ್ಕೆ ಕಷ್ಟ. ಫ್ಲವರ್‌ಹಾರ್ನ್ ಎಂಬ ಜಗಳಗಂಟ ಸಿಕ್ಲಿಡ್ ಒಂಟಿಯಾಗಿರಲಿ. ಅದಕ್ಕೆ ಸ್ನೇಹಿತರನ್ನು ಹುಡುಕಬೇಡಿ.

ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಸಿಕ್ಲಿಡ್‌ಗಳ ಲೆಕ್ಕ ಪೂರ್ತಿ ಬೇರೆ. ಅವು ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಮೀನುಗಳು. ನಮ್ಮ ಗಡಸು ಬೋರ್ ನೀರು ಅವಕ್ಕೆ ಒಗ್ಗುತ್ತದೆ, ಆಸ್ಕರ್‌ಗೆ ಕೊಡುವ ಭಾರಿ ಪ್ರೋಟೀನ್ ಒಗ್ಗುವುದಿಲ್ಲ. ಹೊಟ್ಟೆ ಉಬ್ಬಿ ಸಾಯುತ್ತವೆ. ಹಾಗಾಗಿ ಎರಡನ್ನೂ ಒಂದೇ ಟ್ಯಾಂಕಿನಲ್ಲಿಟ್ಟರೆ ಊಟದಲ್ಲೇ ಒಂದಕ್ಕೆ ಅನ್ಯಾಯ. ಎಂಬುನಾಗಳಲ್ಲಿ ಎರಡೋ ಮೂರೋ ಇಟ್ಟರೆ ಕೆಳಗಿನದು ಸಾಯುವವರೆಗೆ ಏಟು ತಿನ್ನುತ್ತದೆ. ಒಳ್ಳೆಯ ಫಿಲ್ಟರ್ ಇಟ್ಟು ಸಂಖ್ಯೆ ಜಾಸ್ತಿ ಮಾಡಿದರೆ ಏಟು ಹಂಚಿಹೋಗುತ್ತದೆ. ಒಂದು ಗಂಡಿಗೆ ಮೂರು ಹೆಣ್ಣು, ಕಲ್ಲಿನ ಸಂದುಗಳು ಬೇಕಾದಷ್ಟು. "ಮಿಕ್ಸೆಡ್ ಆಫ್ರಿಕನ್" ಅಂತ ಕೊಡುವ ಕವರಿನಲ್ಲಿ ಸಾಧು ಯೆಲ್ಲೋ ಲ್ಯಾಬ್ ಪಕ್ಕದಲ್ಲೇ ಜಗಳಗಂಟ ಔರಾಟಸ್, ಕೆನ್ಯಿ ಇರುತ್ತವೆ. ಕೆನ್ಯಿ ಮರಿಗಳೆಲ್ಲ ನೀಲಿ. ಗಂಡು ದೊಡ್ಡದಾದಾಗ ಹಳದಿಗೆ ತಿರುಗುತ್ತದೆ. ಹೊಸ ಹಳದಿ ಮೀನು ಕಂಡಿತು, ಉಳಿದವು ಮೂಲೆ ಸೇರಿದವು ಅಂದರೆ ಕಾರಣ ಅಲ್ಲಿದೆ.

ನಮ್ಮದೇ ಸಿಕ್ಲಿಡ್‌ಗಳೂ ಇವೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಭಾರತದ ಮೂಲದವು ಮೂರೇ. ಕೇರಳದವರ ಕರಿಮೀನ್, ಅಂದರೆ ಗ್ರೀನ್ ಕ್ರೋಮೈಡ್. ಚಿಕ್ಕ ಆರೆಂಜ್ ಕ್ರೋಮೈಡ್. ದಕ್ಷಿಣ ಕನ್ನಡದ ಹೆಸರನ್ನೇ ಪಡೆದ ಎಟ್ರೋಪ್ಲಸ್ ಕನಾರೆನ್ಸಿಸ್. ಈ ಮೂರನೆಯದು ಅಳಿವಿನ ಅಂಚಿನಲ್ಲಿದೆ, ಹೊಳೆಯಿಂದ ಹಿಡಿದದ್ದನ್ನು ಕೊಳ್ಳಬೇಡಿ. ಮೊದಲೆರಡರ ಸಂಬಂಧ ಸೊಗಸಾಗಿದೆ. ಪುಟ್ಟ ಆರೆಂಜ್ ಕ್ರೋಮೈಡ್ ದೊಡ್ಡ ಗ್ರೀನ್ ಕ್ರೋಮೈಡಿನ ಮೈಗೆ ಅಂಟಿದ ಬೂಷ್ಟನ್ನು ಹೆಕ್ಕಿ ತೆಗೆಯುತ್ತದೆ. ಅದೇ ಮೀನು ಅವಕಾಶ ಸಿಕ್ಕರೆ ಅದರ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಜೊತೆಗಾರಿಕೆ ಅನ್ನುವುದು ಹೊಳೆಯಲ್ಲೂ ಷರತ್ತಿಗೆ ಒಳಪಟ್ಟದ್ದೇ.

ಮತ್ತೆ ಸೇರಿಸುವಾಗ

ಜಾಲರಿ ತೆಗೆಯುವ ಮೊದಲು ಚಿಕ್ಕ ಮೀನು ದೊಡ್ಡದರ ಮುಕ್ಕಾಲು ಅಳತೆಗಾದರೂ ಬಂದಿರಲಿ. ಆ ದಿನ ಕಲ್ಲು, ಮಡಕೆ, ಮರದ ತುಂಡು ಎಲ್ಲವನ್ನೂ ತೆಗೆದು ಬೇರೆ ಕಡೆ ಜೋಡಿಸಿ. ಹಳೆಯ ಜಾಗ ಇಲ್ಲದಿದ್ದರೆ ಯಜಮಾನನ ಹಕ್ಕೂ ಸ್ವಲ್ಪ ಸಡಿಲ. ಹೊಟ್ಟೆ ತುಂಬ ಊಟ ಹಾಕಿ, ಲೈಟ್ ಆರಿಸಿ, ಆಮೇಲೆ ಜಾಲರಿ ತೆಗೆಯಿರಿ. ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದು ಸ್ವಲ್ಪ ಹೊತ್ತು ನಡೆಯಬಹುದು. ಎರಡೂ ಕಚ್ಚುತ್ತಿದ್ದರೆ ಬಿಡಿ. ಒಂದೇ ಓಡಿಸುತ್ತಾ ಇನ್ನೊಂದು ಓಡುತ್ತಲೇ ಇದ್ದರೆ, ಕಣ್ಣಿಗೆ ಅಥವಾ ಹೊಟ್ಟೆಗೆ ಗುರಿಯಿಟ್ಟರೆ, ಆಗಲೇ ಜಾಲರಿ ವಾಪಸ್ ಹಾಕಿ. ಎರಡನೇ ಸಲವೂ ಹೀಗೇ ಆದರೆ ಮೂರನೇ ಪ್ರಯತ್ನ ಬೇಡ. ಒಂದಕ್ಕೆ ಬೇರೆ ಮನೆ ನೋಡಿ.

ಬೇರೆ ಮನೆ ಅಂದರೆ ಬೇರೆ ಟ್ಯಾಂಕು. ಕೆರೆಗೆ, ಹೊಳೆಗೆ ಬಿಡಬೇಡಿ. ಟ್ಯಾಂಕಿನಿಂದ ಹೋದ ಸಕ್ಕರ್‌ಗಳು ನಮ್ಮ ದೇಶದ ಎಷ್ಟೋ ನೀರುಗಳಲ್ಲಿ ಈಗಾಗಲೇ ಬೀಡುಬಿಟ್ಟಿವೆ, ಬಲೆ ಹರಿಯುತ್ತಿವೆ. ದೊಡ್ಡ ಸಿಕ್ಲಿಡ್‌ಗಳನ್ನು ಬದಲಿ ತೆಗೆದುಕೊಳ್ಳುವ ಅಂಗಡಿಗಳಿವೆ, ಸಾಕುವವರ ಗುಂಪುಗಳಿವೆ, ಮೊದಲೇ ಕೇಳಿಟ್ಟುಕೊಳ್ಳಿ. ಸಾಗಿಸುವ ಹಿಂದಿನ ದಿನ ಊಟ ಹಾಕಬೇಡಿ, ಇಲ್ಲದಿದ್ದರೆ ದಾರಿಯಲ್ಲಿ ನೀರು ಕೆಡುತ್ತದೆ. 20 ಸೆಂಟಿಮೀಟರ್ ದಾಟಿದ ಮೀನನ್ನು ಬಲೆಯಲ್ಲಿ ಎತ್ತಿದರೆ ಬೆನ್ನಿನ ಮುಳ್ಳು ಸಿಕ್ಕಿಹಾಕಿಕೊಂಡು ರೆಕ್ಕೆ ಹರಿಯುತ್ತದೆ. ಮುಚ್ಚಳ ಇರುವ ಬಕೆಟನ್ನು ಟ್ಯಾಂಕಿನೊಳಗೇ ಮುಳುಗಿಸಿ, ಕೈಯಿಂದ ನಿಧಾನಕ್ಕೆ ಮೀನನ್ನು ಅದರೊಳಗೆ ತಳ್ಳಿ. ಬಕೆಟ್ ಹಿಡಿಸದಿದ್ದರೆ ದಪ್ಪ ಪ್ಲಾಸ್ಟಿಕ್ ಕವರ್ ಆಗುತ್ತದೆ. ಬಕೆಟಿನಲ್ಲಿ ಅರ್ಧದಷ್ಟು ನೀರು ಇರಲಿ, ಮುಚ್ಚಳಕ್ಕೆ ತೂತು ಮಾಡಿ ಬ್ಯಾಟರಿ ಏರ್ ಪಂಪಿನ ಪೈಪ್ ಇಳಿಬಿಡಿ, ಮುಚ್ಚಳವನ್ನು ಹಗ್ಗದಿಂದ ಕಟ್ಟಿ. ಆಸ್ಕರ್ ಹಾರುತ್ತದೆ.